ತಂತಿ ಒಂದೇ, ಕೇಳುವ ಜಾಗ ಬೇರೆ

ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಇದೆ? ಕಳೆದ ವರ್ಷ ನಮ್ಮ ದೊಡ್ಡ ಮಕ್ಕಳ ತರಗತಿಯಲ್ಲಿ ಹೀಗೆ ಕೇಳಿದಾಗ ಏಳು ಕೈ ಮೇಲೆದ್ದವು. ವೀಣೆ ಎಷ್ಟು ಜನರ ಮನೆಯಲ್ಲಿದೆ ಅಂತ ಕೇಳಿದೆ. ಒಂದೂ ಕೈ ಏಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹಿಂದಿನ ಸಾಲಿನಿಂದ ಒಂದು ದನಿ ಬಂತು: "ಅಜ್ಜಿ ಮನೇಲಿದೆ, ಆದ್ರೆ ಮುಟ್ಟೋಕೆ ಬಿಡಲ್ಲ." ಈ ಪಾಠಕ್ಕೆ ಗಿಟಾರೂ ಬೇಕು, ಅಜ್ಜಿಯ ವೀಣೆಯೂ ಬೇಕು. ಎರಡೂ ಇಲ್ಲದವರು ಒಂದು ಸ್ಕಿಪ್ಪಿಂಗ್ ಹಗ್ಗ ಹಿಡಿದುಕೊಂಡು ಬನ್ನಿ, ಸಾಕು.

ಮೊದಲು ನಾನು ಮಾಡಲು ಹೊರಟಿದ್ದ ಒಂದು ಪೆದ್ದು ಕೆಲಸದ ಕಥೆ ಹೇಳುತ್ತೇನೆ. ಚಳಿಗಾಲದ ಒಂದು ಶನಿವಾರ ಬೆಳಿಗ್ಗೆ ನಮ್ಮ ಗ್ಯಾರೇಜಿನಲ್ಲಿ ಸಣ್ಣ ಹಲ್ಲಿನ ಗರಗಸ ಹಿಡಿದು ನಿಂತಿದ್ದೆ. ಎದುರಿಗೆ ಮೇಜಿನ ಮೇಲೆ ಟವೆಲ್ ಹಾಸಿ, ಅದರ ಮೇಲೆ ಮಗಳ ಗಿಟಾರ್ ಮಲಗಿಸಿದ್ದೆವು. ಅವಳು ಶನಿವಾರಗಳಲ್ಲಿ ಬೇಕರಿಯಲ್ಲಿ ಕೆಲಸ ಮಾಡಿ, ಸುಮಾರು ಒಂದು ವರ್ಷ ಕೂಡಿಟ್ಟ 210 ಪೌಂಡ್ ಕೊಟ್ಟು ಕೊಂಡ ಸೆಕೆಂಡ್‌ಹ್ಯಾಂಡ್ ಗಿಟಾರ್ ಅದು. ಮನೆಗೆ ತಂದು ಮೂರು ವಾರ ಖುಷಿಯಾಗಿದ್ದಳು. ನಾಲ್ಕನೇ ವಾರ ಸ್ನೇಹಿತನೊಬ್ಬನ ಗಿಟಾರ್ ಕೇಳಿ ಬಂದಳು, ಖುಷಿ ಹೋಯಿತು. "ಅವನ ಗಿಟಾರ್‌ನಲ್ಲಿ ನೆಕ್ ಪಿಕಪ್ ಹಾಕಿದ್ರೆ ಸ್ವರ ದುಂಡಗೆ ಬರುತ್ತೆ ಅಪ್ಪಾ. ನಂದು ಮೂಗಲ್ಲಿ ಮಾತಾಡ್ದಂಗೆ ಇದೆ."

ಕಾರಣವನ್ನೂ ಅವಳೇ ತಂದಿದ್ದಳು. ಸ್ನೇಹಿತನ ಗಿಟಾರ್‌ನಲ್ಲಿ 22 ಫ್ರೆಟ್. 24ನೇ ಫ್ರೆಟ್ ಅಂತ ಒಂದು ಇದ್ದಿದ್ದರೆ ಎಲ್ಲಿ ಬರುತ್ತಿತ್ತೋ, ಸರಿಯಾಗಿ ಅದೇ ಜಾಗದ ಕೆಳಗೆ ಪಿಕಪ್ ಕೂತಿದೆ. ಅದು "ಮ್ಯಾಜಿಕ್ ಜಾಗ"ವಂತೆ. ಇವಳ ಗಿಟಾರ್‌ನಲ್ಲಿ ನಿಜಕ್ಕೂ 24 ಫ್ರೆಟ್ ಇರುವುದರಿಂದ ಆ ಜಾಗದಲ್ಲಿ ಮರ ಇದೆ. ಪಿಕಪ್ ಪಾಪ ಬ್ರಿಡ್ಜ್ ಕಡೆಗೆ ಸರಿದು ಕೂತಿದೆ. ಹಾಗಾದರೆ ಕೊನೆಯ ಎರಡು ಫ್ರೆಟ್ ಕತ್ತರಿಸಿ ಪಿಕಪ್ಪನ್ನು ಮುಂದಕ್ಕೆ ತಳ್ಳಿಬಿಟ್ಟರೆ? ಒಬ್ಬ ಎಂಜಿನಿಯರ್ ಅಪ್ಪನಿಗೆ ಹೀಗೆ ಕೇಳಬಾರದು. ನಾನು ಯೋಚನೆ ಮಾಡುವ ಮೊದಲೇ ಗರಗಸ ಹುಡುಕಿದ್ದೆ.

ಆ ಗರಗಸ ಮರಕ್ಕೆ ತಾಗಲಿಲ್ಲ. ಯಾಕೆ ಅಂತ ಗೊತ್ತಾಗಬೇಕಾದರೆ ಪಿಕಪ್ ಅಂದರೆ ಏನು ಅಂತ ತಿಳಿಯಬೇಕು.

ಪಿಕಪ್ ಒಂದು ಮೈಕ್ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ಅದು ಅಯಸ್ಕಾಂತ ಮತ್ತು ಅದರ ಸುತ್ತ ಸುತ್ತಿದ ತಾಮ್ರದ ತಂತಿ, ಅಷ್ಟೇ. ತಾಮ್ರದ ಎಳೆ ನಮ್ಮ ಕೂದಲಿನಷ್ಟು ಸಣ್ಣದು. ಸುತ್ತುಗಳು ಸಾವಿರಗಟ್ಟಲೆ, ಒಂದು ಸಾಮಾನ್ಯ ಪಿಕಪ್‌ನಲ್ಲಿ 8000ದ ಆಸುಪಾಸು. ಅಯಸ್ಕಾಂತದ ಮೇಲೆ ಉಕ್ಕಿನ ತಂತಿ ಅಲುಗಾಡಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಇದನ್ನು ಮೈಕೆಲ್ ಫ್ಯಾರಡೆ 1831ರಲ್ಲಿ ಲಂಡನ್ನಿನಲ್ಲಿ ತೋರಿಸಿದ್ದು. ಗಿಟಾರ್‌ಗೆ ಅದನ್ನು ಕಟ್ಟುವ ಬುದ್ಧಿ ಬರಲು ಇನ್ನೂ ನೂರು ವರ್ಷ ಬೇಕಾಯಿತು. 1930ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಜಾರ್ಜ್ ಬೋಶಾಂಪ್ ಮತ್ತು ರಿಕನ್‌ಬ್ಯಾಕರ್ ಮಾಡಿದ ಗಿಟಾರ್ ನೋಡೋಕೆ ಬಾಣಲೆ ಥರ ಇದ್ದುದರಿಂದ ಅದಕ್ಕೆ ಬಾಣಲೆ ಅಂತಲೇ ಹೆಸರು ಬಿತ್ತು.

ಪಿಕಪ್‌ಗೆ ಗಾಳಿಯಲ್ಲಿರುವ ಶಬ್ದ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. ನೈಲಾನ್ ತಂತಿ ಹಾಕಿದರೆ ಅದು ಪೂರ್ತಿ ಕಿವುಡು. ಈಗ ಕಚೇರಿಗಳಲ್ಲಿ ವೀಣೆಗೂ ಅಯಸ್ಕಾಂತದ ಪಿಕಪ್ ಕೂರಿಸುವುದನ್ನು ನೀವು ನೋಡಿರಬಹುದು. ಅಲ್ಲಿಯೂ ಇದೇ ತೊಂದರೆ: ಕೆಳಸ್ಥಾಯಿಯ ತಂತಿಗಳು ಬರೀ ಹಿತ್ತಾಳೆಯದೋ ಕಂಚಿನದೋ ಆಗಿದ್ದರೆ, ಪಕ್ಕದ ಉಕ್ಕಿನ ತಂತಿಯಷ್ಟು ಜೋರಾಗಿ ಕೇಳಿಸುವುದಿಲ್ಲ. ಒಟ್ಟಿನಲ್ಲಿ ಪಿಕಪ್‌ಗೆ ಗೊತ್ತಿರುವುದು ಒಂದೇ ಸಂಗತಿ, ತನ್ನ ನೆತ್ತಿಯ ಮೇಲಿರುವ ಒಂದೆರಡು ಸೆಂಟಿಮೀಟರ್ ತಂತಿ ಏನು ಮಾಡುತ್ತಿದೆ ಅನ್ನೋದು. ಉಳಿದ ತಂತಿ ಏನು ಕುಣಿದರೂ ಅದಕ್ಕೆ ಕಾಣದು.

ತಂತಿ ಎಲ್ಲ ಕಡೆ ಒಂದೇ ಥರ ಕುಣಿದಿದ್ದರೆ ಪಿಕಪ್ ಎಲ್ಲಿದ್ದರೂ ನಡೆಯುತ್ತಿತ್ತು. ಆದರೆ ಅದು ಹಾಗೆ ಕುಣಿಯುವುದಿಲ್ಲ. ಈಗ ಹಗ್ಗ ತೆಗೆದುಕೊಳ್ಳಿ. ಒಂದು ತುದಿ ನೀವು ಹಿಡಿಯಿರಿ, ಇನ್ನೊಂದನ್ನು ತಮ್ಮನಿಗೋ ತಂಗಿಗೋ ಕೊಡಿ. ನಿಧಾನವಾಗಿ ಬೀಸಿದರೆ ಇಡೀ ಹಗ್ಗ ಒಂದೇ ಕಮಾನಾಗಿ ಏರಿಳಿಯುತ್ತದೆ. ವೇಗವನ್ನು ಎರಡರಷ್ಟು ಮಾಡಿ: ಹಗ್ಗ ಎರಡು ತುಂಡಾದಂತೆ, ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ, ನಡುವೆ ಒಂದು ಜಾಗ ಮಾತ್ರ ಅಲ್ಲಾಡದೆ ನಿಂತಿರುತ್ತದೆ. ಮೂರರಷ್ಟು ಮಾಡಿದರೆ ಮೂರು ಕಮಾನು, ಅಲ್ಲಾಡದ ಜಾಗ ಎರಡು. (ಇಷ್ಟು ಹೊತ್ತಿಗೆ ತಮ್ಮ ಹಗ್ಗ ಬಿಟ್ಟು ಓಡಿಹೋಗಿರುತ್ತಾನೆ.)

ಗಿಟಾರ್ ತಂತಿ ಈ ಎಲ್ಲ ಕುಣಿತಗಳನ್ನೂ ಒಟ್ಟಿಗೇ ಮಾಡುತ್ತದೆ. ಎ ತಂತಿಯನ್ನು ಬಿಟ್ಟು ಮೀಟಿದರೆ ಒಂದು ಕಮಾನಿನ ಕುಣಿತ ಸೆಕೆಂಡಿಗೆ 110 ಸಲ, ಎರಡು ಕಮಾನಿನದು 220, ಮೂರರದು 330, ನಾಲ್ಕರದು 440, ಐದರದು 550. ಮೊದಲನೆಯದು ಮೂಲಸ್ವರ, ಶ್ರುತಿ ಇದು ಅಂತ ನಮಗೆ ಅನ್ನಿಸುವುದು ಇದರಿಂದ. ಮೇಲಿನವಕ್ಕೆ ಹಾರ್ಮೋನಿಕ್ ಅಂತ ಗಿಟಾರಿನವರು ಹೇಳುತ್ತಾರೆ. ಸಂಗೀತ ಕಲಿಯುವ ಮಕ್ಕಳಿಗೆ ಇದು ಹೊಸದಲ್ಲ. ತಂಬೂರಿಯಲ್ಲಿ ಸ ಮತ್ತು ಪ ಮಾತ್ರ ಮೀಟುತ್ತಿದ್ದರೂ ಒಳಗಿನಿಂದ ಗಾಂಧಾರ ಕೇಳಿಸುತ್ತದೆ, ಅದನ್ನು ಸ್ವಯಂಭೂ ಗಾಂಧಾರ ಅನ್ನುತ್ತಾರೆ ಅಂತ ನಿಮ್ಮ ಟೀಚರ್ ಹೇಳಿರಬೇಕು. ಅದು ಬೇರೇನಲ್ಲ, ಐದನೇ ಹಾರ್ಮೋನಿಕ್. 440ನ್ನು ಸ ಅಂದುಕೊಂಡರೆ 550 ಅದರ ಅಂತರ ಗಾಂಧಾರ.

ಯಾವ ಹಾರ್ಮೋನಿಕ್ ಎಷ್ಟು ಬೆರೆತಿದೆ ಅನ್ನುವುದರ ಮೇಲೆ ಸ್ವರ ದುಂಡಗಿದೆಯೋ, ಚೂಪಾಗಿದೆಯೋ, ಮೂಗಿನಲ್ಲಿದೆಯೋ ಅನ್ನುವುದು ನಿಂತಿದೆ. ಪಿಕಪ್ ಯಾವ ಹಾರ್ಮೋನಿಕ್‌ನ ಅಲ್ಲಾಡದ ಜಾಗದ ಕೆಳಗೆ ಕೂತಿದೆಯೋ, ಆ ಹಾರ್ಮೋನಿಕ್ ಅದಕ್ಕೆ ಕೇಳಿಸುವುದಿಲ್ಲ. ಕಮಾನಿನ ಹೊಟ್ಟೆಯ ಕೆಳಗೆ ಕೂತಿದ್ದರೆ ಜೋರಾಗಿ ಕೇಳಿಸುತ್ತದೆ.

ಈಗ ಟೇಪು ಹಿಡಿದು ಅಳೆಯೋಣ. ಫೆಂಡರ್ ಸ್ಟ್ರಾಟೋಕ್ಯಾಸ್ಟರ್ ಅನ್ನುವ ಗಿಟಾರ್ 1954ರಲ್ಲಿ ಬಂತು. ಇವತ್ತು ಅಂಗಡಿಯಲ್ಲಿ ಕಾಣುವ ಅರ್ಧಕ್ಕರ್ಧ ಗಿಟಾರ್‌ಗಳು ಅದರ ಸಂತಾನವೇ. ನಟ್‌ನಿಂದ ಬ್ರಿಡ್ಜ್‌ವರೆಗೆ ತಂತಿಯ ಉದ್ದ 648 ಮಿಲಿಮೀಟರ್. ಬ್ರಿಡ್ಜ್ ಅಂದರೆ ವೀಣೆಯಲ್ಲಿ ಕುದುರೆ ಅನ್ನುತ್ತೇವಲ್ಲ, ಅದು. ನೆಕ್ ಪಿಕಪ್ ಬ್ರಿಡ್ಜ್‌ನಿಂದ ಸುಮಾರು 162 ಮಿಲಿಮೀಟರ್ ದೂರ, ಅಂದರೆ ಸರಿಯಾಗಿ ಕಾಲುಭಾಗ. ಬ್ರಿಡ್ಜ್ ಪಿಕಪ್ ಸುಮಾರು 40 ಮಿಲಿಮೀಟರ್ ದೂರ, ಅಂದರೆ ಹದಿನಾರನೇ ಒಂದು ಭಾಗ.

ಜಿಸಿಎಸ್‌ಇ ಓದುತ್ತಿರುವವರು ಕ್ಯಾಲ್ಕ್ಯುಲೇಟರ್ ತೆಗೆಯಿರಿ. 180 ಡಿಗ್ರಿಯನ್ನು ಹಾರ್ಮೋನಿಕ್‌ನ ಸಂಖ್ಯೆಯಿಂದ ಗುಣಿಸಿ, ಪಿಕಪ್ ಎಷ್ಟನೇ ಭಾಗದಲ್ಲಿದೆಯೋ ಅದರಿಂದಲೂ ಗುಣಿಸಿ, ಸೈನ್ ಒತ್ತಿ. ಆ ಹಾರ್ಮೋನಿಕ್‌ನಲ್ಲಿ ಪಿಕಪ್‌ಗೆ ಸಿಗುವ ಪಾಲು ಅದು. ಕಾಲುಭಾಗದಲ್ಲಿರುವ ನೆಕ್ ಪಿಕಪ್‌ಗೆ ಮೂಲಸ್ವರ 0.71 ಪಾಲು ಸಿಗುತ್ತದೆ, ಎರಡನೆಯದು ಪೂರ್ತಿ 1, ಮೂರನೆಯದು ಮತ್ತೆ 0.71, ನಾಲ್ಕನೆಯದು ಸೊನ್ನೆ. ಬ್ರಿಡ್ಜ್ ಪಿಕಪ್‌ಗೆ ಮೂಲಸ್ವರ ಬರೀ 0.20. ಆದರೆ ಮೇಲೆ ಹೋಗುತ್ತಾ ಪಾಲು ಏರುತ್ತದೆ: ನಾಲ್ಕನೆಯದು 0.71, ಎಂಟನೆಯದು ಪೂರ್ತಿ 1. ಒಂದೇ ತಂತಿ, ಒಂದೇ ಮೀಟು. ಒಬ್ಬನಿಗೆ ಕೆಳಗಿನ ಸ್ವರಗಳ ಊಟ, ಇನ್ನೊಬ್ಬನಿಗೆ ಮೇಲಿನ ಸ್ವರಗಳ ಊಟ. ಸ್ವಿಚ್ ತಿರುಗಿಸಿದಾಗ ಬರೀ ಊಟದ ತಟ್ಟೆ ಬದಲಾಗುತ್ತದೆ. ಬ್ರಿಡ್ಜ್ ಬಳಿ ತಂತಿ ಅಲ್ಲಾಡುವುದೇ ಕಡಿಮೆಯಾದ್ದರಿಂದ ಅಲ್ಲಿನ ಪಿಕಪ್ಪಿಗೆ ಹೆಚ್ಚು ಸುತ್ತು ಸುತ್ತುತ್ತಾರೆ, ಇಲ್ಲವೇ ಅದನ್ನು ತಂತಿಗೆ ಇನ್ನಷ್ಟು ಹತ್ತಿರ ಏರಿಸುತ್ತಾರೆ.

ಸ್ಟ್ರಾಟೋಕ್ಯಾಸ್ಟರ್‌ನ ಬ್ರಿಡ್ಜ್ ಪಿಕಪ್ ಓರೆಯಾಗಿ ಕೂತಿರುವುದನ್ನು ಗಮನಿಸಿದ್ದೀರಾ? ಸಣ್ಣ ತಂತಿಗಳ ಕೆಳಗೆ ಬ್ರಿಡ್ಜ್‌ಗೆ ಹತ್ತಿರ, ದಪ್ಪ ತಂತಿಗಳ ಕೆಳಗೆ ಸ್ವಲ್ಪ ದೂರ. ಸಣ್ಣವು ಇನ್ನೂ ಚೂಪಾಗಲಿ, ದಪ್ಪವು ತೀರಾ ತೆಳ್ಳಗಾಗದಿರಲಿ ಅಂತ. ಜಿಮಿ ಹೆಂಡ್ರಿಕ್ಸ್ ಎಡಗೈಯವನಾಗಿದ್ದು ಬಲಗೈ ಗಿಟಾರನ್ನು ತಲೆಕೆಳಗು ಮಾಡಿ ತಂತಿ ಕಟ್ಟಿದ್ದರಿಂದ ಅವನಿಗೆ ಈ ಓರೆ ಉಲ್ಟಾ ಆಯಿತು. ಕೆಲವು ಕಂಪನಿಯವರು ಈಗ ಬೇಕೆಂದೇ ಹಾಗೆ ಮಾಡಿ ಮಾರುತ್ತಾರೆ!

ಇಲ್ಲಿಗೆ ನಮ್ಮೂರು ಬರ್ಮಿಂಗ್‌ಹ್ಯಾಮ್ ಬರಬೇಕು. ಬ್ರಾಡ್ ಸ್ಟ್ರೀಟ್‌ನಲ್ಲಿ ಕಾಲುವೆಯ ಸೇತುವೆಯ ಮೇಲೆ ಕೂರಿಸಿದ್ದ ನಾಲ್ಕು ಮುಖಗಳ ಬೆಂಚು ಇದೆಯಲ್ಲ, ಬ್ಲ್ಯಾಕ್ ಸಬ್ಬತ್ ತಂಡದ್ದು, ಅದರ ಮೇಲೆ ಕೂತು ನೀವೆಲ್ಲ ಫೋಟೋ ತೆಗೆಸಿಕೊಂಡಿದ್ದೀರಿ. ಆ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದವರು ಟೋನಿ ಐಯೋಮಿ. ಹುಟ್ಟಿದ್ದು 1948ರಲ್ಲಿ, ಬೆಳೆದದ್ದು ಆಸ್ಟನ್‌ನಲ್ಲಿ. 17ನೇ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಾಗ, ಅದೂ ಕೆಲಸ ಬಿಡಬೇಕಿದ್ದ ಕೊನೆಯ ದಿನ, ಯಂತ್ರಕ್ಕೆ ಸಿಕ್ಕಿ ಬಲಗೈಯ ನಡುಬೆರಳು ಮತ್ತು ಉಂಗುರಬೆರಳಿನ ತುದಿ ಹೋದವು. ಅವರು ಎಡಗೈಯಲ್ಲಿ ಮೀಟುವವರು, ಬಲಗೈಯಲ್ಲಿ ತಂತಿ ಒತ್ತುವವರು. ಅಂದರೆ ಹೋದದ್ದು ತಂತಿ ಒತ್ತುವ ಬೆರಳುಗಳೇ. ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೋಪಿ ಮಾಡಿ, ಅದಕ್ಕೆ ತೊಗಲು ಅಂಟಿಸಿ, ಒತ್ತಲು ಸುಲಭವಾಗಲಿ ಅಂತ ತೆಳ್ಳನೆಯ ಬ್ಯಾಂಜೋ ತಂತಿ ಹಾಕಿಕೊಂಡು ಮತ್ತೆ ಶುರು ಮಾಡಿದರು. ಮುಂದೆ ಶ್ರುತಿಯನ್ನೂ ಇಳಿಸಿದರು. (ಶ್ರುತಿ ಇಳಿಸಿದರೆ ಪಿಕಪ್‌ನ ಪಾಲುಗಳು ಬದಲಾಗುತ್ತವೆಯೇ? ಇಲ್ಲ. ಕಾಲುಭಾಗ ಅಂದರೆ ಕಾಲುಭಾಗವೇ. ಸ್ವರಗಳೆಲ್ಲ ಒಟ್ಟಿಗೆ ಕೆಳಗಿಳಿಯುತ್ತವೆ, ಅಷ್ಟೇ.)

1969ರ ಅಕ್ಟೋಬರ್‌ನಲ್ಲಿ ಅವರ ಮೊದಲ ಆಲ್ಬಮ್ ರೆಕಾರ್ಡ್ ಮಾಡುವಾಗ, ಐಯೋಮಿಯ ಸ್ಟ್ರಾಟೋಕ್ಯಾಸ್ಟರ್‌ನ ಪಿಕಪ್ ಕೈಕೊಟ್ಟಿತು. ಜೊತೆಗಿದ್ದ ಗಿಬ್ಸನ್ ಎಸ್‌ಜಿ ಎತ್ತಿಕೊಂಡು ಮುಗಿಸಿದರು, ಆಮೇಲೆ ಅದೇ ಅವರ ಗಿಟಾರ್ ಆಯಿತು. ಆಲ್ಬಮ್ ಬಂದದ್ದು 1970ರ ಫೆಬ್ರುವರಿ 13ರಂದು. ಮರುದಿನ, ಫೆಬ್ರುವರಿ 14ರಂದು, ಲೀಡ್ಸ್ ವಿಶ್ವವಿದ್ಯಾಲಯದ ಊಟದ ಹಾಲ್‌ನಲ್ಲಿ ದಿ ಹೂ ತಂಡದ ಕಾರ್ಯಕ್ರಮ. ಅದೇ "ಲೈವ್ ಅಟ್ ಲೀಡ್ಸ್" ಅನ್ನುವ ಪ್ರಸಿದ್ಧ ಆಲ್ಬಮ್. ಅಲ್ಲಿ ಪೀಟ್ ಟೌನ್‌ಶೆಂಡ್ ಕೈಯಲ್ಲಿದ್ದದ್ದೂ ಗಿಬ್ಸನ್ ಎಸ್‌ಜಿ, ಅದೇ ಪಿ-90 ಜಾತಿಯ ಪಿಕಪ್. ಎರಡನ್ನೂ ಒಂದಾದ ಮೇಲೊಂದು ಕೇಳಿ. ಒಂದು ಗುಡುಗು, ಇನ್ನೊಂದು ಗಾಜು ಒಡೆದ ಹಾಗೆ. ಆಂಪ್, ತಂತಿ, ಬೆರಳು, ಪ್ರತಿಯೊಂದೂ ತನ್ನ ಪಾಲು ಸೇರಿಸುತ್ತದೆ. ಪಿಕಪ್‌ನ ಜಾಗ ದೊಡ್ಡ ಸಂಗತಿಯೇ, ಆದರೆ ಅದೊಂದರ ತಲೆಗೇ ಎಲ್ಲ ಕಟ್ಟಬೇಡಿ.

ಗ್ಯಾರೇಜಿನ ಕಥೆಗೆ ಬೇಕಾದದ್ದು ಇದರ ಮುಂದಿನ ಭಾಗ. 1970ರ ದಶಕದಲ್ಲಿ ಐಯೋಮಿಯ ಗಿಟಾರ್‌ಗಳನ್ನು ಕಟ್ಟಿಕೊಟ್ಟವರು ಬರ್ಮಿಂಗ್‌ಹ್ಯಾಮ್‌ನವರೇ ಆದ ಜಾನ್ ಬರ್ಚ್, ಆಮೇಲೆ ಬರ್ಚ್ ಬಳಿ ಕೆಲಸ ಮಾಡಿದ್ದ ಜಾನ್ ಡಿಗ್ಗಿನ್ಸ್. ಡಿಗ್ಗಿನ್ಸ್ ಅವರಿಗಾಗಿ ಮಾಡಿದ, ಎಷ್ಟೋ ವರ್ಷ ವೇದಿಕೆಯ ಮೇಲೆ ಮೆರೆದ ಜೇಡೀ ಗಿಟಾರ್‌ನಲ್ಲಿ ಎಷ್ಟು ಫ್ರೆಟ್ ಗೊತ್ತಾ? 24! ಅಂದರೆ ಆ "ಮ್ಯಾಜಿಕ್ ಜಾಗ"ದಲ್ಲಿ ಮರ ಇದೆ, ಪಿಕಪ್ ಅಲ್ಲ. ಇದನ್ನು ಮೊದಲೇ ನೆನಪಿಸಿಕೊಂಡಿದ್ದರೆ ಗರಗಸ ಹುಡುಕುವ ಶ್ರಮ ಉಳಿಯುತ್ತಿತ್ತು.

ಆ ಶನಿವಾರ ಗರಗಸ ಎತ್ತಿದ ಹೊತ್ತಿಗೆ ಫೋನ್ ಬಂತು. ಮೈಸೂರಿನಿಂದ ಅಮ್ಮನ ವಾರದ ವಿಡಿಯೋ ಕರೆ. ಮಗಳು ಫೋನನ್ನು ಡಬ್ಬಕ್ಕೆ ಒರಗಿಸಿಟ್ಟಳು.

"ಏನೋ ಅದು ಕೈಯಲ್ಲಿ?"

"ಗರಗಸ ಅಮ್ಮ."

"ವಾದ್ಯದ ಪಕ್ಕ ಗರಗಸ ಯಾಕೋ ಹಿಡ್ಕೊಂಡಿದೀಯ? ಮೊದಲು ಕೆಳಗಿಡು."

ಇಟ್ಟೆ. ಮಗಳು ಎಲ್ಲ ವಿವರಿಸಿದಳು. ಅಮ್ಮನಿಗೆ ಪಿಕಪ್ ಏನೂ ಅರ್ಥವಾದಂತೆ ಕಾಣಲಿಲ್ಲ. ಆದರೆ ಐವತ್ತು ವರ್ಷದಿಂದ ವೀಣೆ ನುಡಿಸುವ ಅವರು ಒಂದು ಪ್ರಶ್ನೆ ಕೇಳಿದರು: "ಪುಟ್ಟಿ, ನೀನು ಎಲ್ಲಿ ಮೀಟ್ತೀಯ ತೋರಿಸು."

ಮಗಳು ತೋರಿಸಿದಳು. ಅವಳ ಪ್ಲೆಕ್ಟ್ರಮ್ ಬ್ರಿಡ್ಜ್‌ನಿಂದ ನಾಲ್ಕು ಬೆರಳು ದೂರವೂ ಇರಲಿಲ್ಲ. "ಕುದುರೆ ಹತ್ತಿರ ಮೀಟಿದ್ರೆ ನಾದ ಗಡುಸಾಗ್ದೇ ಇನ್ನೇನಾಗುತ್ತೆ? ಮುಂದಕ್ಕೆ ಬಾ. ಇನ್ನೂ ಬಾ. ಈಗ ಮೀಟು." ಅವಳ ಕೈ ಫ್ರೆಟ್‌ಬೋರ್ಡಿನ ತುದಿಗೆ ಬಂದಿತ್ತು. ಮೀಟಿದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಏನಾಯಿತು ಅಂದರೆ, ಸುಮಾರು 1800ರಲ್ಲಿ ಥಾಮಸ್ ಯಂಗ್ ಅನ್ನುವ ಇಂಗ್ಲಿಷ್ ವಿಜ್ಞಾನಿ ಒಂದು ನಿಯಮ ಕಂಡುಕೊಂಡಿದ್ದರು. ತಂತಿಯನ್ನು ಯಾವ ಜಾಗದಲ್ಲಿ ಮೀಟುತ್ತೀರೋ, ಆ ಜಾಗದಲ್ಲಿ ಅಲ್ಲಾಡಬಾರದ ಹಾರ್ಮೋನಿಕ್‌ಗಳು ಹುಟ್ಟುವುದೇ ಇಲ್ಲ. ಕಾಲುಭಾಗದಲ್ಲಿ ಮೀಟಿದರೆ ನಾಲ್ಕನೆಯದು ಇಲ್ಲ. ಕಾಲುಭಾಗದಲ್ಲಿ ಪಿಕಪ್ ಇಟ್ಟರೂ ನಾಲ್ಕನೆಯದು ಇಲ್ಲ. ಕೇಳುವ ಜಾಗಕ್ಕೆ ಯಾವ ಲೆಕ್ಕವೋ ಮೀಟುವ ಜಾಗಕ್ಕೂ ಹೆಚ್ಚುಕಡಿಮೆ ಅದೇ ಲೆಕ್ಕ. ನಾವು ಮರ ಕತ್ತರಿಸಿ ಪಡೆಯಬೇಕು ಅಂದುಕೊಂಡದ್ದನ್ನು ಪ್ಲೆಕ್ಟ್ರಮ್ಮನ್ನು ಹನ್ನೊಂದು ಸೆಂಟಿಮೀಟರ್ ಸರಿಸಿ ಪಡೆಯಬಹುದಿತ್ತು. ಅದೂ 24 ಫ್ರೆಟ್‌ನ ಗಿಟಾರ್‌ನಲ್ಲಿ ಕಾಲುಭಾಗ ಎಲ್ಲಿ ಅಂತ ಹುಡುಕಬೇಕಾಗಿಯೂ ಇಲ್ಲ. 24ನೇ ಫ್ರೆಟ್ಟೇ ಅದರ ಗುರುತು!

ಆಮೇಲೆ ಕೂತು ಅಳೆದೆವು, ಮೊದಲೇ ಅಳೆಯಬೇಕಿತ್ತು. ಮಗಳ ಗಿಟಾರ್‌ನಲ್ಲಿ ನೆಕ್ ಪಿಕಪ್ ಬ್ರಿಡ್ಜ್‌ನಿಂದ 145 ಮಿಲಿಮೀಟರ್ ದೂರ. ಲೆಕ್ಕ ಹಾಕಿದರೆ ಮೂಲಸ್ವರದ ಪಾಲು 0.65, ಸ್ನೇಹಿತನ ಗಿಟಾರ್‌ನಲ್ಲಿ 0.71. ಈ ವ್ಯತ್ಯಾಸ ಕಿವಿಗೆ ಸಿಗುವುದೂ ಕಷ್ಟ. ನಿಜವಾದ ವ್ಯತ್ಯಾಸ ನಾಲ್ಕನೆಯದರಲ್ಲಿ: ಅವನಿಗೆ ಸೊನ್ನೆ, ಇವಳಿಗೆ 0.32. ಅಂದರೆ ಆ ಮ್ಯಾಜಿಕ್ ಜಾಗ ಏನನ್ನೂ ಹೆಚ್ಚಿಗೆ ಕೊಡುತ್ತಿಲ್ಲ. ಒಂದು ಸ್ವರಕ್ಕೆ ಕಿವುಡಾಗಿದೆ, ಅಷ್ಟೇ.

ಇದನ್ನು ನೀವೇ ಮಾಡಿ ನೋಡಬಹುದು. 21 ಅಥವಾ 22 ಫ್ರೆಟ್‌ನ ಸ್ಟ್ರಾಟೋಕ್ಯಾಸ್ಟರ್ ಮಾದರಿಯ ಗಿಟಾರ್ ಬೇಕು. 5ನೇ ಫ್ರೆಟ್ಟಿನ ಲೋಹದ ಪಟ್ಟಿಯ ನೇರ ಮೇಲೆ ಎ ತಂತಿಯನ್ನು ಬೆರಳಿನಿಂದ ಒತ್ತದೆ ಸುಮ್ಮನೆ ಮುಟ್ಟಿ, ಬ್ರಿಡ್ಜ್ ಹತ್ತಿರ ಮೀಟಿ, ತಕ್ಷಣ ಬೆರಳು ತೆಗೆಯಿರಿ. ಗಂಟೆಯಂಥ ಎತ್ತರದ ಸ್ವರ ಕೇಳುತ್ತದೆ, ನಾಲ್ಕನೇ ಹಾರ್ಮೋನಿಕ್ ಅದು. ಅದು ಮೊಳಗುತ್ತಿರುವಾಗಲೇ ಸ್ವಿಚ್ಚನ್ನು ಬ್ರಿಡ್ಜ್‌ನಿಂದ ನೆಕ್ ಪಿಕಪ್‌ಗೆ ತಿರುಗಿಸಿ. ಸ್ವರ ಹೆಚ್ಚುಕಡಿಮೆ ಮಾಯ! ಮತ್ತೆ ಬ್ರಿಡ್ಜ್‌ಗೆ ತಿರುಗಿಸಿ, ವಾಪಸ್ ಬರುತ್ತದೆ. ತಂತಿ ಅಷ್ಟು ಹೊತ್ತೂ ಮೊಳಗುತ್ತಲೇ ಇತ್ತು. ಪೂರ್ತಿ ಸೊನ್ನೆಯಾಗದೆ ಸ್ವಲ್ಪ ಉಳಿದರೆ ಗಾಬರಿಯಾಗಬೇಡಿ. ಪಿಕಪ್ ಒಂದು ಚುಕ್ಕಿಯನ್ನಲ್ಲ, ಸ್ವಲ್ಪ ಅಗಲದ ತಂತಿಯನ್ನು ಕೇಳುತ್ತದೆ. ಎರಡು ಸುರುಳಿಗಳಿರುವ ಹಂಬಕರ್ ಆದರೆ ಇನ್ನೂ ಅಗಲ. ಮಗಳ ಗಿಟಾರ್‌ನಲ್ಲಿ ಈ ಸ್ವರ ಮಾಯವಾಗುವುದಿಲ್ಲ. ಮೊದಲು ಅದನ್ನೂ ದೋಷ ಅಂತಲೇ ಲೆಕ್ಕ ಹಾಕಿದ್ದಳು.

ಇನ್ನೊಂದು ಮಾತು ಬಾಕಿ ಇದೆ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಕಾಲುಭಾಗ ಕಾಲುಭಾಗ ಅಂತ ಇಷ್ಟು ಹೊತ್ತು ಹೇಳಿದೆನಲ್ಲ, ಅದು ಯಾವುದರ ಕಾಲುಭಾಗ? ಬಿಟ್ಟ ತಂತಿಯದು. ಒಂದು ಫ್ರೆಟ್ ಒತ್ತಿದ ಕೂಡಲೇ ತಂತಿ ಗಿಡ್ಡವಾಗುತ್ತದೆ, ಪಿಕಪ್ ಮಾತ್ರ ನಿಂತಲ್ಲೇ ನಿಂತಿರುತ್ತದೆ. 5ನೇ ಫ್ರೆಟ್ ಒತ್ತಿದರೆ ತಂತಿಯ ಉದ್ದ 486 ಮಿಲಿಮೀಟರ್. 162 ಈಗ ಅದರ ಮೂರನೇ ಒಂದು ಭಾಗ. ನಾಲ್ಕನೆಯದು ಕೇಳಿಸಲು ಶುರುವಾಯಿತು, ಮೂರನೆಯದು ಹೋಯಿತು. 12ನೇ ಫ್ರೆಟ್ ಒತ್ತಿದರೆ ಉದ್ದ 324, 162 ಅದರ ಸರಿಯಾದ ಅರ್ಧ. ಈಗ ಎರಡನೆಯದೇ ಹೋಯಿತು. ಹಾಡು ನುಡಿಸುವಾಗ ಬೆರಳು ಓಡಾಡಿದ ಹಾಗೆಲ್ಲ ಈ ಕಿವುಡು ಒಂದು ಹಾರ್ಮೋನಿಕ್‌ನಿಂದ ಇನ್ನೊಂದಕ್ಕೆ ಜಿಗಿಯುತ್ತಲೇ ಇರುತ್ತದೆ. ಬಿಟ್ಟ ತಂತಿಗೆ ಮಾತ್ರ ಅನ್ವಯಿಸುವ ಒಂದು ಮ್ಯಾಜಿಕ್‌ಗಾಗಿ ನಾನು 210 ಪೌಂಡಿನ ಗಿಟಾರ್ ಕೊಯ್ಯಲು ಹೊರಟಿದ್ದೆ. ಮೀಟುವ ಕೈಯಾದರೂ ಬೇಕಾದ ಕಡೆ ಸರಿಯಬಲ್ಲದು.

ಹಾಗಾದರೆ ಮಗಳ ಗಿಟಾರ್ ಸ್ನೇಹಿತನ ಗಿಟಾರ್ ಥರ ಆಯಿತಾ? ಪೂರ್ತಿ ಆಗಲಿಲ್ಲ. ಪಿಕಪ್ ಬೇರೆ ಜಾತಿಯದು, ತಂತಿ ಬೇರೆ. ಪಿಕಪ್ ತಂತಿಗೆ ತೀರಾ ಹತ್ತಿರ ಏರಿಸಿದ್ದರು ಅಂತ ಆಮೇಲೆ ಗಮನಿಸಿ, ಎರಡು ಸ್ಕ್ರೂ ತಿರುಗಿಸಿ ಒಂದು ಮಿಲಿಮೀಟರ್ ಇಳಿಸಿದೆವು. ಅದರಿಂದಲೂ ಎಷ್ಟೋ ಹಿತವಾಯಿತು. 24ನೇ ಫ್ರೆಟ್ ಮೇಲೆ ಮೀಟುವಾಗ ಪ್ಲೆಕ್ಟ್ರಮ್ ಫ್ರೆಟ್ಟಿಗೆ ತಾಗಿ ಟಕ್ ಅನ್ನುವುದು ಒಂದು ಕಿರಿಕಿರಿ. ಅದಕ್ಕೆ ಅವಳು ನಿಧಾನದ ಹಾಡುಗಳಿಗೆ ಪ್ಲೆಕ್ಟ್ರಮ್ ಬಿಟ್ಟು ಬೆರಳಿನಲ್ಲೇ ಮೀಟುತ್ತಾಳೆ.

ಮುಂದಿನ ವಾರದ ಕರೆಯಲ್ಲಿ ಮಗಳು ದೊಡ್ಡ ವಿಜ್ಞಾನಿಯ ಹಾಗೆ ಅಜ್ಜಿಗೆ ಯಂಗ್‌ನ ನಿಯಮ ವಿವರಿಸಿದಳು. "ಅಜ್ಜಿ, ಕಾಲುಭಾಗದಲ್ಲಿ ಮೀಟಿದ್ರೆ ನಾಲ್ಕನೇ ಹಾರ್ಮೋನಿಕ್ ಬರೋದೇ ಇಲ್ಲ." ಅಮ್ಮ ಒಪ್ಪಲಿಲ್ಲ. "ನಿನ್ನ ಗಿಟಾರ್‌ನಲ್ಲಿ ಬರ್ದೇ ಇರಬಹುದು ಕಂದ. ನನ್ನ ವೀಣೇಲಿ ಎಲ್ಲಿ ಮೀಟಿದ್ರೂ ಎಲ್ಲಾ ಬರುತ್ತೆ."

ಅಜ್ಜಿಯ ಮಾತು ಅಂತ ನಕ್ಕು ಸುಮ್ಮನಾಗುವವನಿದ್ದೆ. ಆದರೆ ಇದನ್ನೇ ಹೇಳಿದ ಇನ್ನೊಬ್ಬರಿದ್ದಾರೆ: ಸರ್ ಸಿ.ವಿ. ರಾಮನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅವರು ನಿರ್ದೇಶಕರಾಗಿ ಬಂದದ್ದು 1933ರಲ್ಲಿ. ಅದಕ್ಕೂ ಮೊದಲು, ಕಲ್ಕತ್ತದಲ್ಲಿದ್ದಾಗ, 1921ರಲ್ಲಿ ಅವರು ವೀಣೆ ಮತ್ತು ತಂಬೂರಿಗಳ ಬಗ್ಗೆ ಒಂದು ಚಿಕ್ಕ ಪ್ರಬಂಧ ಪ್ರಕಟಿಸಿದ್ದರು. ಈ ವಾದ್ಯಗಳು ಯಂಗ್‌ನ ನಿಯಮವನ್ನು ಕೇಳುವುದಿಲ್ಲ, ಹುಟ್ಟಬಾರದ ಹಾರ್ಮೋನಿಕ್ ಕೂಡ ಗಟ್ಟಿಯಾಗಿ ಕೇಳಿಸುತ್ತದೆ ಅಂತ ಅವರು ತೋರಿಸಿದರು. ಗುಟ್ಟು ಇರುವುದು ಕುದುರೆಯಲ್ಲಿ. ಗಿಟಾರ್‌ನ ಬ್ರಿಡ್ಜ್ ಮೇಲೆ ತಂತಿ ಒಂದು ಚೂಪು ಅಂಚಿನ ಮೇಲೆ ಕೂರುತ್ತದೆ. ವೀಣೆಯ ಕುದುರೆಯ ಮೇಲೆ ಅಗಲವಾದ, ನಯವಾಗಿ ಬಾಗಿದ ಲೋಹದ ತಗಡಿದೆ. ತಂತಿ ಕುಣಿಯುವಾಗ ಆ ಬಾಗನ್ನು ಸವರುತ್ತಾ, ಬಿಡುತ್ತಾ, ಮತ್ತೆ ಸವರುತ್ತಾ ಇರುತ್ತದೆ. ಆ ಸವರಾಟದಲ್ಲಿ ಮೇಲಿನ ಸ್ವರಗಳು ಹೊಸದಾಗಿ ಹುಟ್ಟುತ್ತಲೇ ಇರುತ್ತವೆ. ತಂಬೂರಿಯಲ್ಲಿ ಕುದುರೆಗೂ ತಂತಿಗೂ ನಡುವೆ ಜೀವದಾರ ಸೇರಿಸುವುದೂ ಈ ಸವರಾಟವನ್ನು ಹದ ಮಾಡಲಿಕ್ಕೇ.

ಬೇಸಿಗೆ ರಜೆಯಲ್ಲಿ ಮೈಸೂರಿಗೆ ಹೋದಾಗ ಇದನ್ನು ಪರೀಕ್ಷೆ ಮಾಡಿದೆವು. ಸ್ವರದೊಳಗಿನ ಹಾರ್ಮೋನಿಕ್‌ಗಳನ್ನು ಗೆರೆಗಳಾಗಿ ತೋರಿಸುವ ಆ್ಯಪ್‌ಗಳು ಫೋನಿಗೆ ಪುಕ್ಕಟೆ ಸಿಗುತ್ತವೆ. ಸಾರಣಿ ತಂತಿಯ ಉದ್ದ ಅಳೆದು, ಕುದುರೆಯಿಂದ ಕಾಲುಭಾಗಕ್ಕೆ ಮಗಳು ದಾರದಲ್ಲಿ ಗುರುತು ಹಿಡಿದಳು. ಅಮ್ಮ ಅಲ್ಲೇ ಮೀಟಿದರು. ಮೊದಲ ಗೆರೆ, ಎರಡನೆಯದು, ಮೂರನೆಯದು, ನಾಲ್ಕನೆಯದೂ ನೆಟ್ಟಗೆ ನಿಂತಿತ್ತು. "ನೋಡಿದ್ಯಾ?" ಅಂದರು ಅಮ್ಮ. ಆಮೇಲೆ ಮೊಮ್ಮಗಳಿಗೆ ಮೊದಲ ಸಲ ವೀಣೆ ಮುಟ್ಟಲು ಬಿಟ್ಟರು.

ಈಗ ನಿಮ್ಮ ಸರದಿ. ನಿಮ್ಮ ಗಿಟಾರ್‌ನಲ್ಲಿ ನಟ್‌ನಿಂದ ಬ್ರಿಡ್ಜ್‌ಗೆ ಎಷ್ಟು, ಬ್ರಿಡ್ಜ್‌ನಿಂದ ಪ್ರತಿ ಪಿಕಪ್‌ನ ನಡುವಿಗೆ ಎಷ್ಟು ಅಂತ ಮಿಲಿಮೀಟರ್‌ನಲ್ಲಿ ಅಳೆದು ಕನ್ನಡ ಅಂಕಿಯಲ್ಲಿ ಬರೆದು ತನ್ನಿ. 5ನೇ ಫ್ರೆಟ್‌ನ ಹಾರ್ಮೋನಿಕ್ ನಿಮ್ಮ ಯಾವ ಪಿಕಪ್‌ನಲ್ಲಿ ಮಾಯವಾಯಿತು, ಯಾವುದರಲ್ಲಿ ಆಗಲಿಲ್ಲ ಅಂತಲೂ ಬರೆಯಿರಿ. ಗಿಬ್ಸನ್ ಮಾದರಿಯವರು ಗಮನಿಸಿ, ನಿಮ್ಮ ತಂತಿ 648 ಅಲ್ಲ, ಸುಮಾರು 628. ಅಜ್ಜಿ ಮನೆಯಲ್ಲಿ ವೀಣೆ ಇರುವ ಮೂರು ಜನ ಫೋನ್ ಮಾಡಿ ಕುದುರೆಯ ಮೇಲಿನ ತಗಡು ಯಾವ ಲೋಹದ್ದು ಅಂತ ಕೇಳಿಕೊಂಡು ಬನ್ನಿ. ಗರಗಸ ಯಾರೂ ತರಬೇಡಿ.